ಅಚ್ಚಿಗೆ ಯೋಗ್ಯವಲ್ಲ

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಆಗಾಗ ನಮ್ಮ ವಿಭಾಗದಲ್ಲಿ ಹಳೆಯ ಕಡತಗಳನ್ನು ಬೇರ್ಪಡಿಸುವ ಕೆಲಸ ಬರುತ್ತದೆ. ಕಚೇರಿಯ ಭಾಷೆಯಲ್ಲಿ ಅದಕ್ಕೆ 'ವೀಡಿಂಗ್' ಎನ್ನುತ್ತಾರೆ; ಅಂದರೆ ಕಳೆ ಕೀಳುವುದು. ಹೊಲದಲ್ಲಿ ಕಳೆ ಯಾವುದು, ಪೈರು ಯಾವುದು ಎಂಬುದು ರೈತನಿಗೆ ಗೊತ್ತಿರುತ್ತದೆ. ರೆಕಾರ್ಡ್ ರೂಮಿನಲ್ಲಿ ಅದು ಅಷ್ಟು ಸುಲಭವಲ್ಲ. ಆದ್ದರಿಂದ ಸರ್ಕಾರವೇ ನಮಗೆ ನಿಯಮ ಮಾಡಿಕೊಟ್ಟಿದೆ. 'ಎ' ವರ್ಗದ ಕಡತವನ್ನು ಶಾಶ್ವತವಾಗಿ ಇಟ್ಟು ಅದರ ಪ್ರತಿಯನ್ನೂ ತೆಗೆದಿಡಬೇಕು. 'ಬಿ' ವರ್ಗದ್ದನ್ನು ಇಡಬೇಕು, ಪ್ರತಿ ಬೇಕಿಲ್ಲ. 'ಸಿ' ವರ್ಗದ್ದನ್ನು ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ನಾಶಪಡಿಸಬಹುದು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1892ಕ್ಕಿಂತ ಹಿಂದಿನ ದಾಖಲೆಯನ್ನು, ಅದು ತೀರಾ ಕೆಟ್ಟುಹೋಗಿದ್ದ ಹೊರತು, ನಾಶ ಮಾಡುವಂತೆಯೇ ಇಲ್ಲ ಎನ್ನುತ್ತದೆ. ನಿಯಮವಿರುವಲ್ಲಿ ಗುಮಾಸ್ತನಿಗೆ ನೆಮ್ಮದಿ. ಸಹಿ ಹಾಕಿ ಮನೆಗೆ ಬಂದರೆ ರಾತ್ರಿ ನಿದ್ದೆ ಬರುತ್ತದೆ.

ಆದರೆ ಕಳೆದ ವರ್ಷ ಯಾವ ನಿಯಮವೂ ಇಲ್ಲದ ಒಂದು ವೀಡಿಂಗ್ ನನ್ನ ಪಾಲಿಗೆ ಬಂತು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿದ್ದ ನಮ್ಮ ತಂದೆ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆ ಖಾಲಿ ಮಾಡುವ ಮಾತು ಬಂತು. ಪಾತ್ರೆ ಪಡಗ ಹಂಚಿಕೆಯಾಯಿತು. ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಮಾತ್ರ ಯಾರೂ ಕೇಳಲಿಲ್ಲ. "ಆಫೀಸಿನಲ್ಲಿ ನೀನು ಮಾಡೋದು ಇದೇ ಕೆಲಸ ತಾನೆ ಅಣ್ಣ, ನೀನೇ ನೋಡಿಬಿಡು" ಎಂದು ತಮ್ಮ ಅದನ್ನು ನನಗೇ ಗಂಟುಹಾಕಿದ. ದೆಹಲಿಯವರೆಗೆ ಅದು ನನ್ನ ಬರ್ತಿನ ಕೆಳಗೆ ಕುಳಿತು ಬಂತು.

ನಮ್ಮ ತಂದೆ ಕಟ್ಟುನಿಟ್ಟಿನ ಮನುಷ್ಯರು. ಬಂದ ಪ್ರತಿಯೊಂದು ಕಾಗದದ ಮೂಲೆಯಲ್ಲಿಯೂ ಕೆಂಪು ಶಾಯಿಯಿಂದ 'ಉತ್ತರ ಬರೆದಿದೆ' ಎಂದು ಗುರುತು ಹಾಕಿ ತಾರೀಖು ನಮೂದಿಸುವುದು ಅವರ ಪದ್ಧತಿ. ಟ್ರಂಕಿನ ತುಂಬ ಇಂಥ ಕಟ್ಟುಗಳೇ. ಅವುಗಳ ಅಡಿಯಲ್ಲಿ, ಪ್ರತ್ಯೇಕವಾದ ಒಂದು ಲಕೋಟೆಯಲ್ಲಿ, ನಾಲ್ಕು ಇನ್‌ಲ್ಯಾಂಡ್ ಪತ್ರಗಳಿದ್ದವು. 1987ರ ಏಪ್ರಿಲಿನಿಂದ ಜುಲೈವರೆಗೆ ನನ್ನ ಸೋದರತ್ತೆ ಬರೆದವು. ಅತ್ತೆಗೆ ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು. ಅವರಿದ್ದ ಹಳ್ಳಿಯಲ್ಲಿ ಶಾಲೆ ಏಳನೆಯ ತರಗತಿಯವರೆಗೆ ಮಾತ್ರ. ನಾಲ್ಕು ಪತ್ರಗಳಲ್ಲಿಯೂ ಕೇಳಿದ್ದು ಒಂದೇ: ಹುಡುಗಿ ಚೆನ್ನಾಗಿ ಓದುತ್ತಾಳೆ ಅಣ್ಣಯ್ಯ, ನಿಮ್ಮ ಮನೆಯಲ್ಲಿ ಇಟ್ಟುಕೊಂಡು ಹೈಸ್ಕೂಲಿಗೆ ಸೇರಿಸಿ, ಅತ್ತಿಗೆಗೆ ಕೈಗೆಲಸಕ್ಕೂ ಒದಗುತ್ತಾಳೆ. ಮೊದಲನೆಯ ಪತ್ರದ ಮೂಲೆಯಲ್ಲಿ ತಂದೆಯವರ ಕೈಬರಹವಿತ್ತು: 'ಯೋಚಿಸಿ ಬರೆಯಬೇಕು.' ಉಳಿದ ಮೂರರ ಮೂಲೆ ಖಾಲಿ.

ಆ ಹುಡುಗಿ ಹೈಸ್ಕೂಲಿಗೆ ಹೋಗಲಿಲ್ಲ. ಹದಿನೇಳು ತುಂಬುವುದರೊಳಗೆ ಮದುವೆಯಾಯಿತು. ಈಗ ಆಕೆಗೆ ಐವತ್ತರ ಸುಮಾರು. ನಮ್ಮ ತಂದೆಯ ವೈಕುಂಠದ ದಿನ ಪಂಕ್ತಿಗೆ ಬಡಿಸುತ್ತಾ ಆಕೆ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಮಾವ ದೇವರಂಥ ಮನುಷ್ಯ ಕಣೋ. ಊರ ಮಕ್ಕಳನ್ನೆಲ್ಲ ಓದಿಸಿದರು. ನಮ್ಮಮ್ಮನಿಗೇ ನಾನು ಓದೋದು ಬೇಕಿರಲಿಲ್ಲ. ಕೇಳಿದ್ದರೆ ಮಾವ ಇಲ್ಲ ಅಂತಿದ್ದರಾ?" ಅತ್ತೆ ತೀರಿಹೋಗಿ ಹತ್ತು ವರ್ಷಕ್ಕೂ ಮೇಲಾಗಿದೆ. ಅಣ್ಣನ ಹೆಸರು ಕೆಡಬಾರದೆಂದು ಅವರು ಮಗಳಿಗೂ ಬಾಯಿಬಿಟ್ಟಿರಲಿಲ್ಲ ಎಂಬುದು ನನಗೆ ಪತ್ರ ಓದಿದ ಮೇಲೆ ಅರ್ಥವಾಯಿತು.

ಈಗ ಆ ನಾಲ್ಕು ಪತ್ರಗಳನ್ನು ಏನು ಮಾಡಬೇಕು? "ಯಾರ ಮನೇಲಿಲ್ಲ ಇಂಥದ್ದು? ಹೋದವರ ಮಾತು ಈಗ ಯಾಕ್ರೀ? ಯಮುನೆಗೆ ಬಿಟ್ಟುಬಿಡಿ" ಎಂದಳು ನನ್ನಾಕೆ. ತಮ್ಮನಿಗೆ ಫೋನು ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಮರ್ಯಾದೆ ತೆಗೀಬೇಡ ಅಣ್ಣ. ಉತ್ತರ ಹೇಳಕ್ಕೆ ಅವರೇ ಇಲ್ಲ" ಎಂದ. ಇಬ್ಬರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಸತ್ತವರ ಮೇಲೆ ಮೊಕದ್ದಮೆ ಹೂಡಿದರೆ ಅದು ಏಕಪಕ್ಷೀಯ ವಿಚಾರಣೆಯೇ ಸರಿ.

ಈ ಗೊಂದಲದಲ್ಲಿದ್ದಾಗ ನನಗೆ ಒದಗಿಬಂದದ್ದು ಇಂಗ್ಲೆಂಡಿನ ಒಂದು ಕಾಲೇಜಿನ ಕಥೆ. ಬಿ.ಎಸ್‌ಸಿ. ಓದುವಾಗ ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡಿದವನು ನಾನು. ಆತನ ಕಾಗದಪತ್ರಗಳಿಗೆ ಆದ ಗತಿ ಏನೆಂಬುದನ್ನು ಓದಿದ್ದು ಮಾತ್ರ ಈಚೆಗೆ. ಓದುಗರಿಗೂ ಅದು ಸ್ವಾರಸ್ಯವಾಗಿ ಕಂಡೀತೆಂದು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಐಸಾಕ್ ನ್ಯೂಟನ್ 1727ರಲ್ಲಿ ತೀರಿಕೊಂಡ. ಉಯಿಲು ಬರೆದಿರಲಿಲ್ಲ. ಮನೆಯಲ್ಲಿ ರಾಶಿ ರಾಶಿ ಹಸ್ತಪ್ರತಿಗಳಿದ್ದವು. ಅವುಗಳಲ್ಲಿ ಅಚ್ಚು ಹಾಕಿಸಿ ಮಾರುವಂಥದ್ದು ಏನಿದೆ ಎಂದು ನೋಡಲು ಥಾಮಸ್ ಪೆಲೆಟ್ ಎಂಬ ವೈದ್ಯನನ್ನು ನೇಮಿಸಲಾಯಿತು. ಅವನು ಕೆಲವೇ ದಿನಗಳಲ್ಲಿ ಎಲ್ಲವನ್ನೂ ತಿರುವಿಹಾಕಿ, ಬಹುಪಾಲು ಕಟ್ಟುಗಳ ಮೇಲೆ 'ಅಚ್ಚಿಗೆ ಯೋಗ್ಯವಲ್ಲ' ಎಂದು ಷರಾ ಬರೆದ. ಕಡತದ ಮೇಲೆ ಷರಾ ಬರೆದೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಅವನು ಬಹಳ ಪರಿಚಿತನಂತೆ ಕಂಡ.

ಆ ಕಟ್ಟುಗಳಲ್ಲಿ ಇದ್ದದ್ದೇನು? ಕೀಳು ಲೋಹವನ್ನು ಚಿನ್ನ ಮಾಡುವ ರಸವಿದ್ಯೆಯ ಟಿಪ್ಪಣಿಗಳು, ಬೈಬಲ್ಲಿನ ಭವಿಷ್ಯವಾಣಿಗಳ ಲೆಕ್ಕಾಚಾರ, ಧರ್ಮಜಿಜ್ಞಾಸೆ. ಲಕ್ಷಗಟ್ಟಲೆ ಪದಗಳು. ಅದಕ್ಕಿಂತ ಹೆಚ್ಚಿನ ಗುಟ್ಟು ಇನ್ನೊಂದಿತ್ತು. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಂದೇ ದೈವ ಎಂಬ ತತ್ತ್ವವನ್ನು ನ್ಯೂಟನ್ ಒಳಗೊಳಗೇ ಒಪ್ಪುತ್ತಿರಲಿಲ್ಲ. ಆತ ಇದ್ದ ಕಾಲೇಜಿನ ಹೆಸರು ಟ್ರಿನಿಟಿ. ಆ ತತ್ತ್ವದ ಹೆಸರೇ ಕಾಲೇಜಿನ ಹೆಸರು. ಅಲ್ಲಿ ಫೆಲೋ ಆಗಿದ್ದವರು ಪಾದ್ರಿ ದೀಕ್ಷೆ ಪಡೆಯಬೇಕಾಗಿತ್ತು. 1675ರಲ್ಲಿ ಅರಸನ ಅಪ್ಪಣೆಯಿಂದ ವಿನಾಯಿತಿ ಸಿಕ್ಕಿ ಆತ ಪಾರಾದ. ಆತನ ತರುವಾಯ ಅದೇ ಪ್ರಾಧ್ಯಾಪಕ ಪೀಠಕ್ಕೆ ಬಂದ ವಿಲಿಯಂ ವಿಸ್ಟನ್ ಇಂಥದೇ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿ 1710ರಲ್ಲಿ ಕೆಲಸ ಕಳೆದುಕೊಂಡ. ಅಂದಮೇಲೆ ನ್ಯೂಟನ್ನನ ಭಯ ಸುಳ್ಳು ಭಯವಲ್ಲ. ಹೀಗಿದ್ದೂ ಆತ ಆ ಕಾಗದಗಳನ್ನು ದಶಕಗಳ ಕಾಲ ಮನೆಯಲ್ಲೇ ಇಟ್ಟುಕೊಂಡಿದ್ದ.

ಆ ಹಸ್ತಪ್ರತಿಗಳು ಸೋದರ ಸೊಸೆಯ ವಂಶದ ಮೂಲಕ ಪೋರ್ಟ್ಸ್‌ಮತ್ ಎಂಬ ಜಹಗೀರುದಾರ ಮನೆತನವನ್ನು ಸೇರಿದವು. 1872ರಲ್ಲಿ ಆ ಮನೆತನದವರು ಅವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಕೊಡಲು ಮುಂದೆ ಬಂದರು. ವಿದ್ವಾಂಸರ ಸಮಿತಿಯೊಂದು ವರ್ಷಗಟ್ಟಲೆ ಪರಿಶೀಲಿಸಿ 1888ರಲ್ಲಿ ಪಟ್ಟಿ ಪ್ರಕಟಿಸಿತು. ಗಣಿತ, ವಿಜ್ಞಾನದ ಕಾಗದಗಳನ್ನು ಉಳಿಸಿಕೊಂಡು, ರಸವಿದ್ಯೆ ಮತ್ತು ಧರ್ಮದವುಗಳಲ್ಲಿ ಹೆಚ್ಚಿನವನ್ನು ಮಾಲೀಕರಿಗೇ ಹಿಂದಿರುಗಿಸಿತು. ಇದು ಎರಡನೆಯ ವೀಡಿಂಗ್. ಪೆಲೆಟ್‌ನ ಜರಡಿ ವ್ಯಾಪಾರದ್ದು, ಸಮಿತಿಯ ಜರಡಿ ವಿಜ್ಞಾನದ್ದು. ಎರಡರಲ್ಲೂ ಕೆಳಗೆ ಬಿದ್ದದ್ದು ಅದೇ ಕಾಗದಗಳು. 1936ರಲ್ಲಿ ಹಣದ ತೊಂದರೆಯಿಂದ ಅವು ಲಂಡನ್ನಿನ ಸದಬೀಸ್ ಹರಾಜು ಕಟ್ಟೆಗೆ ಬಂದವು. 329 ಕಟ್ಟುಗಳು ಸೇರಿ ಒಂಬತ್ತು ಸಾವಿರ ಪೌಂಡಿಗೆ ಸ್ವಲ್ಪ ಮೇಲೆ ಹೋದವು. ಒಂದೇ ಮನುಷ್ಯನ ಕೈಬರಹ ಹತ್ತಾರು ವರ್ತಕರ ಕೈಗೆ ಚದುರಿತು.

ಆಗ ಬಂದವನು ಜಾನ್ ಮೇನಾರ್ಡ್ ಕೇನ್ಸ್. ಅರ್ಥಶಾಸ್ತ್ರದಲ್ಲಿ ಈ ಹೆಸರು ಕೇಳದವರಿಲ್ಲ. ಆದರೆ ಆತ ಮೊದಲು ನಮ್ಮಂತೆಯೇ ಗುಮಾಸ್ತನಾಗಿದ್ದ ಎಂಬುದು ಎಷ್ಟು ಜನಕ್ಕೆ ಗೊತ್ತು? 1906ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕಿರಿಯ ಗುಮಾಸ್ತನಾಗಿ ಸೇರಿದ ಆತನಿಗೆ ವಹಿಸಿದ ಮೊದಲ ಕೆಲಸಗಳಲ್ಲೊಂದು, ಹತ್ತು ಎಳೆಯ ಗೂಳಿಗಳನ್ನು ಹಡಗಿನಲ್ಲಿ ಮುಂಬಯಿಗೆ ಕಳಿಸುವುದು! ಎರಡು ವರ್ಷಕ್ಕೇ ಬೇಸತ್ತು ಬಿಟ್ಟು ಕೇಂಬ್ರಿಡ್ಜಿಗೆ ಹಿಂದಿರುಗಿದ. ಹರಾಜಿನಲ್ಲಿ ನ್ಯೂಟನ್ನನ ಕಾಗದಗಳು ದಿಕ್ಕಾಪಾಲಾಗುವುದು ಆತನಿಗೆ ಸಹಿಸಲಿಲ್ಲ. ಅಂದು ಕೆಲವನ್ನು ಕೊಂಡ. ಆಮೇಲೆ ವರ್ತಕರನ್ನು ಹುಡುಕಿಕೊಂಡು ಹೋಗಿ ಮತ್ತಷ್ಟನ್ನು ಕೊಂಡ. ಮುಖ್ಯವಾಗಿ ರಸವಿದ್ಯೆಯ ಕಾಗದಗಳು. ಧರ್ಮದ ಕಾಗದಗಳಲ್ಲಿ ಬಹಳಷ್ಟನ್ನು ಏಬ್ರಹಾಂ ಯಹೂದ ಎಂಬ ವಿದ್ವಾಂಸ ಕೂಡಿಹಾಕಿದ. ಅವು ಈಗ ಜೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಕೇನ್ಸ್ 1946ರಲ್ಲಿ ತೀರಿಕೊಂಡಾಗ ತನ್ನ ಸಂಗ್ರಹವನ್ನು ತನ್ನ ಕಾಲೇಜಿಗೆ ಬಿಟ್ಟುಹೋದ.

ಆ ಕಾಲೇಜೇ ಕಿಂಗ್ಸ್ ಕಾಲೇಜು. 1441ರಲ್ಲಿ ಅರಸ ಆರನೆಯ ಹೆನ್ರಿ ಸ್ಥಾಪಿಸಿದ್ದು. ಆತ ಆಮೇಲೆ ವಿಸ್ತರಿಸಿದ ಯೋಜನೆಯಲ್ಲೂ ಒಬ್ಬ ಮುಖ್ಯಸ್ಥ, 70 ವಿದ್ಯಾರ್ಥಿಗಳು, ಮುಗಿಯಿತು. ನಮ್ಮ ಕಡೆಯ ಹೈಸ್ಕೂಲಿನ ಎರಡು ತರಗತಿಗಳಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಹೀಗೆ ಸಣ್ಣದಾಗಿ ಆರಂಭವಾದ ಸಂಸ್ಥೆ, ತನ್ನಲ್ಲಿ ಓದದ, ಪಕ್ಕದ ಕಾಲೇಜಿನವನಾದ ನ್ಯೂಟನ್ನನ 'ಯೋಗ್ಯವಲ್ಲದ' ಕಾಗದಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಅವನ್ನು ಓದಿದ ಕೇನ್ಸ್, ನ್ಯೂಟನ್ ಬರಿಯ ವಿಚಾರವಾದಿಯಲ್ಲ, ಸೃಷ್ಟಿಯನ್ನೇ ಒಂದು ಒಗಟೆಂದು ಬಗೆದು ಬಿಡಿಸಲು ಕುಳಿತ ಹಳೆಯ ಕಾಲದ ಮನಸ್ಸು ಆತನಲ್ಲಿತ್ತು ಎಂದು ತೋರಿಸಿಕೊಟ್ಟ. ಇದರಿಂದ ನ್ಯೂಟನ್ನನ ಗುರುತ್ವಾಕರ್ಷಣ ನಿಯಮಕ್ಕೆ ಕೂದಲೆಳೆಯಷ್ಟೂ ಊನವಾಗಲಿಲ್ಲ. ಕಲ್ಲಿನ ಪ್ರತಿಮೆಯಾಗಿದ್ದವನು ಮನುಷ್ಯನಾದ, ಅಷ್ಟೆ.

ನನ್ನ ಮನಸ್ಸಿಗೆ ತಟ್ಟಿದ ಸಂಗತಿ ಇದು. ಪೆಲೆಟ್ 'ಯೋಗ್ಯವಲ್ಲ' ಎಂದು ಬರೆದ, ಆದರೆ ಸುಡಲಿಲ್ಲ. ಸಮಿತಿ 'ನಮಗೆ ಬೇಡ' ಎಂದಿತು, ಆದರೆ ಹರಿಯಲಿಲ್ಲ. ತಮ್ಮ ತೀರ್ಪು ತಪ್ಪಿರಬಹುದು ಎಂಬುದಕ್ಕೆ ಒಂದಿಷ್ಟು ಜಾಗ ಉಳಿಸಿದರು. ಇಡುವುದರಲ್ಲಿ ತಪ್ಪಾದರೆ ಮುಂದಿನವರು ತಿದ್ದಬಹುದು. ಸುಡುವುದರಲ್ಲಿ ತಪ್ಪಾದರೆ ತಿದ್ದಲು ಏನೂ ಇರುವುದಿಲ್ಲ.

ಅದೇ ಕಾಲೇಜಿನಲ್ಲಿ ಇನ್ನೊಬ್ಬನ ಕಾಗದಗಳೂ ಇವೆ. ಕಂಪ್ಯೂಟರ್ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್ 1931ರಲ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿದವನು. ಆತನ ತಂದೆ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ, ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಯುದ್ಧಕಾಲದಲ್ಲಿ ಜರ್ಮನರ ಗುಪ್ತಲಿಪಿ ಭೇದಿಸಿದವರಲ್ಲಿ ಅಗ್ರಗಣ್ಯನಾದ ಈ ಮಗನಿಗೆ, ಸಲಿಂಗ ಸಂಬಂಧ ಅಪರಾಧವಾಗಿದ್ದ ಕಾಲದಲ್ಲಿ, 1952ರಲ್ಲಿ ಶಿಕ್ಷೆಯಾಯಿತು. 1954ರಲ್ಲಿ ಆತ ತೀರಿಕೊಂಡ. ತಾಯಿ 1959ರಲ್ಲಿ ಮಗನ ಜೀವನ ಚರಿತ್ರೆ ಬರೆದರು. ಆ ಕಹಿ ಪ್ರಸಂಗವನ್ನು ಅದರಲ್ಲಿ ಎತ್ತಲಿಲ್ಲ. ಹೆತ್ತ ಕರುಳು; ಯಾರು ತಪ್ಪೆನ್ನುವರು? ಆದರೆ ಮರುವರ್ಷ, 1960ರಲ್ಲಿ, ಮಗನ ಕಾಗದಗಳನ್ನು ಕಿಂಗ್ಸ್ ಕಾಲೇಜಿಗೆ ಒಪ್ಪಿಸಿದರು. ತಾನು ಬರೆಯಲಾರದ್ದನ್ನು ಮುಂದೆ ಬೇರೆಯವರು ಬರೆಯಲು ದಾರಿ ಬಿಟ್ಟುಕೊಟ್ಟಂತಾಯಿತು. ಯುದ್ಧದ ಗುಟ್ಟು 1970ರ ದಶಕದಲ್ಲಿ ಹೊರಬಿತ್ತು. 1983ರಲ್ಲಿ ಆಂಡ್ರ್ಯೂ ಹಾಜಸ್ ಬರೆದ ಚರಿತ್ರೆ ಇಡೀ ಮನುಷ್ಯನನ್ನು ಜಗತ್ತಿನ ಮುಂದೆ ನಿಲ್ಲಿಸಿತು. 2013ರಲ್ಲಿ ರಾಣಿಯ ಕ್ಷಮಾದಾನವೂ ಬಂತು. ಇಂದು ಆತನ ಹೆಸರು ಹೇಳುವಾಗ ತಲೆ ತಗ್ಗಿಸಬೇಕಾದದ್ದು ಶಿಕ್ಷೆ ಕೊಟ್ಟ ಕಾನೂನೇ ಹೊರತು ಆತನಲ್ಲ.

ಮೂರನೆಯವನು ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್. ದೇವಾಸ್ ಸಂಸ್ಥಾನದ ಮಹಾರಾಜರ ಬಳಿ ಕಾರ್ಯದರ್ಶಿಯಾಗಿ ಇದ್ದುಹೋದವನು, ಭಾರತದ ಮೇಲೆ ಕಾದಂಬರಿ ಬರೆದವನು. ಕಡೆಗಾಲದಲ್ಲಿ ವಾಸವಿದ್ದದ್ದು ಕಿಂಗ್ಸ್ ಕಾಲೇಜಿನಲ್ಲೇ; ಕಾಗದಗಳೂ ಅಲ್ಲೇ ಇವೆ. 1913–14ರಲ್ಲಿ ಬರೆದ 'ಮಾರಿಸ್' ಎಂಬ ಕಾದಂಬರಿಯನ್ನು ಆತ ಬದುಕಿರುವವರೆಗೂ ಅಚ್ಚು ಮಾಡಿಸಲಿಲ್ಲ. 1970ರಲ್ಲಿ ಆತ ತೀರಿಕೊಂಡ ಮೇಲೆ, 1971ರಲ್ಲಿ ಅದು ಹೊರಬಂತು. ಸುಡುವುದೂ ಅಲ್ಲ, ಬೀದಿಗೆ ಹಾಕುವುದೂ ಅಲ್ಲ, ಇಟ್ಟು ಕಾಯುವುದು.

ಇದನ್ನೋದಿದಾಗ ನನಗೆ ದಾರಿ ಸಿಕ್ಕಿತೆಂದು ಸಂತೋಷವಾಯಿತು. ನಾಲ್ಕು ಪತ್ರಗಳನ್ನು ಬೇರೆ ಕಟ್ಟು ಕಟ್ಟಿ, ನಮ್ಮ ತಲೆಮಾರು ಕಳೆದ ಮೇಲೆ ಮಕ್ಕಳು ನೋಡಿಕೊಳ್ಳಲಿ ಎಂದು ಇಟ್ಟುಬಿಡುವುದು. ಅಪ್ಪನ ಮರ್ಯಾದೆಯೂ ಉಳಿಯಿತು, ಸುಟ್ಟ ಪಾಪವೂ ಇಲ್ಲ. ಎರಡು ದಿನ ನೆಮ್ಮದಿಯಾಗಿದ್ದೆ.

ಮೂರನೆಯ ದಿನ ಆ ನೆಮ್ಮದಿ ಕೆಟ್ಟಿತು. ಫಾರ್‌ಸ್ಟರ್ ಕಾಯಿಸಿಟ್ಟದ್ದು ತನ್ನ ಗುಟ್ಟನ್ನು. ನಾನು ಕಾಯಿಸಿಡಲು ಹೊರಟದ್ದು ಯಾರದ್ದನ್ನು? ಕಾನೂನು ಕೂಡ ಇದರಲ್ಲಿ ಸ್ಪಷ್ಟವಾಗಿದೆ: ಪತ್ರದ ಕಾಗದ ಪಡೆದವನದು, ಅದರೊಳಗಿನ ಬರಹದ ಹಕ್ಕು ಬರೆದವರದು. ಟ್ರಂಕು ನಮ್ಮ ತಂದೆಯದು ನಿಜ. ಆದರೆ ಆ ನಾಲ್ಕು ಪತ್ರಗಳ ಒಳಗಿದ್ದ ದನಿ ಅತ್ತೆಯದು. ತಂದೆಯ ಮರ್ಯಾದೆಯ ಬಗ್ಗೆ ನಾನೂ ತಮ್ಮನೂ ಇಷ್ಟೆಲ್ಲ ಚಿಂತಿಸಿದೆವಲ್ಲ, ಅತ್ತೆಯ ಮರ್ಯಾದೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಮಗಳ ಕಣ್ಣಿನಲ್ಲಿ ಆಕೆ ಮೂವತ್ತೈದು ವರ್ಷದಿಂದ ಓದು ತಪ್ಪಿಸಿದ ತಾಯಿಯಾಗಿ ನಿಂತಿದ್ದರು. ಅದನ್ನು ತೊಡೆಯುವ ಸಾಕ್ಷ್ಯ ಇಡೀ ಪ್ರಪಂಚದಲ್ಲಿ ಇದ್ದದ್ದು ಆರ್. ಕೆ. ಪುರದ ನನ್ನ ಕ್ವಾರ್ಟರ್ಸಿನ ಮಂಚದ ಕೆಳಗೆ.

ಇನ್ನೂ ಒಂದು ಮಾತು. ನ್ಯೂಟನ್ನನ ಕಾಗದಗಳು ಇನ್ನೂರು ವರ್ಷ ಕಾದದ್ದರಿಂದ ಬದುಕಿದ್ದ ಯಾರಿಗೂ ಅನ್ಯಾಯವಾಗಲಿಲ್ಲ. ಇಲ್ಲಿ ಕಾಯಬೇಕಾದವಳು ಐವತ್ತು ದಾಟುತ್ತಿರುವ, ಮಂಡಿನೋವಿನ ಹೆಂಗಸು. ನಾನು 'ಆಮೇಲೆ ನೋಡೋಣ' ಎಂದು ಕಟ್ಟು ಕಟ್ಟಿಟ್ಟರೆ, ನಮ್ಮ ತಂದೆ ಮೂಲೆಯಲ್ಲಿ ಬರೆದ 'ಯೋಚಿಸಿ ಬರೆಯಬೇಕು' ಎಂಬ ಷರಾವನ್ನೇ ನಾನು ಎರಡನೆಯ ಸಲ ಬರೆದಂತೆ. ಅವರ ತಪ್ಪೂ ಅಷ್ಟೇ ಆಗಿತ್ತು. ಅವರು ಇಲ್ಲ ಎನ್ನಲಿಲ್ಲ, ಯೋಚಿಸುತ್ತಾ ಕುಳಿತರು. ಆಗ ಮನೆಯಲ್ಲಿ ಎರಡು ಕೋಣೆ, ನಮ್ಮ ತಾಯಿಗೆ ಕಾಯಿಲೆ, ಓದುವ ನಾವಿಬ್ಬರು. ಕಾರಣಗಳಿದ್ದವು. ಮುಂದೆ ಅದೇ ಮನೆಯಲ್ಲಿ ಉಂಡು ಅದೇ ಸಂಬಳದಲ್ಲಿ ಬಿ.ಎಸ್‌ಸಿ. ಮುಗಿಸಿದವನು ನಾನು. ಆದ್ದರಿಂದ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಒಪ್ಪಿಸುವ ಕರ್ತವ್ಯ ಮಾತ್ರ ಇದೆ.

ವರ್ಷಾಬ್ದಿಕಕ್ಕೆ ಊರಿಗೆ ಹೋದಾಗ ಮೊದಲು ತಮ್ಮನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ, ಆದರೆ ತಡೆಯಲಿಲ್ಲ. ಅತ್ತೆಯ ಮಗಳನ್ನು ಹಿತ್ತಲಿಗೆ ಕರೆದು ಲಕೋಟೆಯನ್ನು ಕೈಗಿಟ್ಟೆ. ಏನೂ ವಿವರಣೆ ಕೊಡಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು ನಾಲ್ಕನ್ನೂ ನಿಧಾನವಾಗಿ ಓದಿದಳು. ತಾಯಿಯ ಅಕ್ಷರದ ಮೇಲೆ ಬೆರಳಾಡಿಸಿದಳು. ಆಕೆ ಬಯ್ದರೂ ಕೇಳಿಸಿಕೊಳ್ಳಬೇಕೆಂದು ನಾನು ಗಟ್ಟಿಮನಸ್ಸು ಮಾಡಿಕೊಂಡು ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಆಕೆ ಕೇಳಿದ್ದು ಇಷ್ಟು: "ಮಾವ ಇದನ್ನ ಇಷ್ಟು ವರ್ಷ ಎಸೀದೆ ಇಟ್ಟುಕೊಂಡಿದ್ದರಾ?"

ಹೌದು ಎಂದೆ.

"ಹಾಗಾದ್ರೆ ಮರೆತಿರಲಿಲ್ಲ" ಎಂದು ಕಣ್ಣೊರೆಸಿಕೊಂಡು ಪತ್ರಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಎಂದಿನಂತೆ ಎಲೆ ಹಾಕಲು ನಿಂತಳು. ಆಕೆಯ ಮನಸ್ಸಿನಲ್ಲಿ ನಮ್ಮ ತಂದೆಯ ಸ್ಥಾನ ಈಗ ಏನಾಗಿದೆಯೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ತಾಯಿಯ ಫೋಟೋಕ್ಕೆ ಆಕೆ ಹೊಸ ಕಟ್ಟು ಹಾಕಿಸಿದ್ದಾಳೆಂದು ತಮ್ಮ ಮೊನ್ನೆ ಫೋನಿನಲ್ಲಿ ಹೇಳಿದ.

ಮನೆಯ ಮಾತನ್ನು ಹೀಗೆ ಸಂಘದ ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ಓದುಗರು ಕೇಳಬಹುದು. ಆಕೆಯನ್ನೂ ತಮ್ಮನನ್ನೂ ಕೇಳಿಯೇ ಬರೆದಿದ್ದೇನೆ. ಊರು, ಹೆಸರು ಹೇಳಬೇಡ ಎಂದ ತಮ್ಮನ ಮಾತನ್ನು ನಡೆಸಿದ್ದೇನೆ.

ಹೊರನಾಡಿನಲ್ಲಿರುವ ನಮ್ಮೆಲ್ಲರ ಪಾಲಿಗೂ ಒಂದಲ್ಲ ಒಂದು ದಿನ ಊರಿನ ಅಟ್ಟದಿಂದ ಒಂದು ಟ್ರಂಕು ಇಳಿಯುತ್ತದೆ. ರಜೆ ಇರುವುದು ನಾಲ್ಕು ದಿನ, ವಾಪಸು ಟಿಕೆಟ್ಟು ಕಾಯ್ದಿರಿಸಿರುತ್ತದೆ, ಬಾಗಿಲಲ್ಲಿ ರದ್ದಿಯವನು ತಕ್ಕಡಿ ಹಿಡಿದು ನಿಂತಿರುತ್ತಾನೆ. ನಮ್ಮ ಹಿರಿಯರ ಕಾಗದವನ್ನು ಕಾಪಾಡಲು ಯಾವ ಕಾಲೇಜೂ ಬರುವುದಿಲ್ಲ. ಪೆಲೆಟ್ಟೂ ನಾವೇ, ಸಮಿತಿಯೂ ನಾವೇ, ಕೇನ್ಸೂ ನಾವೇ ಆಗಬೇಕು. ಎಲ್ಲವನ್ನೂ ಇಡಿ ಎಂದು ನಾನು ಹೇಳಲಾರೆ. ಎರಡು ಕೋಣೆಯ ಸಂಸಾರದ ಕಷ್ಟ ನನಗೂ ಗೊತ್ತು. ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ, ಅದರೊಳಗೆ ಇನ್ನೂ ಯಾರ ಮಾತು ಉತ್ತರವಿಲ್ಲದೆ ಕುಳಿತಿದೆಯೆಂದು. ಇದ್ದರೆ, ಅದು ಸೇರಬೇಕಾದವರು ಬದುಕಿರುವಾಗಲೇ ಅವರ ಕೈಗೆ ಸೇರಿಸಿ.